ಸೌಲನ ಕವಚ, ನಮ್ಮ ತಂತಿ

ಎಲ್ಲರೂ 1 ಸಮುವೇಲ 17 ತೆಗೀರಿ, 38ರಿಂದ 40.

ಸೌಲ ತನ್ನ ಕವಚವನ್ನ ದಾವೀದನಿಗೆ ತೊಡಿಸಿದ. ಕವಚ ಕೆಟ್ಟದ್ದಲ್ಲ ಪ್ರಿಯರೇ, ರಾಜನದ್ದು. ಆದರೂ ದಾವೀದ ಹಾಕ್ಕೊಂಡು ನಡೆದು ನೋಡಿ, ಅಭ್ಯಾಸವಿಲ್ಲ ಅಂತ ತೆಗೆದಿಟ್ಟ. ಹಳ್ಳದಿಂದ ಐದು ನುಣುಪು ಕಲ್ಲು ಆರಿಸಿಕೊಂಡ.

ವರ್ಷಿಪ್ ಟೀಮ್‌ನ ತಮ್ಮಂದಿರೇ, ತಂಗಿಯರೇ, ಕೇಳಿಸಿಕೊಳ್ಳಿ. ಸ್ಟೀವೀ ರೇ ವಾನ್ 13ರ ತಂತಿ ಹಾಕ್ತಿದ್ದರು ಅಂತ ಒಬ್ಬ ತಮ್ಮ ತನ್ನ ಎಲೆಕ್ಟ್ರಿಕ್ ಗಿಟಾರ್‌ಗೂ ಅದನ್ನೇ ಹಾಕಿಸಿದ. ಮೂರೇ ವಾರ. ಬೆರಳು ಬಾತುಕೊಂಡು ಬಂದ. "ಅಣ್ಣಾ, ನನಗೆ ಈ ಸೇವೆಗೆ ಕರೆಯೇ ಇಲ್ಲ, ಬಿಟ್ಟುಬಿಡ್ತೀನಿ" ಅಂದ. ನಾನಂದೆ, "ಕರೆಯ ವಿಷಯ ಆಮೇಲೆ ಪ್ರಾರ್ಥಿಸೋಣ, ಮೊದಲು ತಂತಿ ಬದಲಾಯಿಸು." ವಾನ್ ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡ್ತಿದ್ದರು, ಅದರಿಂದ ತಂತಿ ಸ್ವಲ್ಪ ಸಡಿಲ. ಅದನ್ನ ಇವನಿಗೆ ಯಾರೂ ಹೇಳಿರಲಿಲ್ಲ! ಅವರ ಬೆರಳೂ ಕಿತ್ತುಹೋಗ್ತಿತ್ತು, ಅಂಟು ಹಾಕ್ಕೊಂಡು ನುಡಿಸ್ತಿದ್ದರು.

ನೀನು ಲೀಡ್ ನುಡಿಸಿ ತಂತಿ ಎಳೀತೀಯಾ? 9 ಸಾಕು. ಕಾರ್ಡ್ಸ್ ಜೋರಾಗಿ ಬಾರಿಸೋ ಕೈಗೆ 10, ಶ್ರುತಿ ಇಳಿಸಿ ನುಡಿಸೋರಿಗೆ 11. ತೆಳು ತಂತಿ ಮೇಲೆ ಗಟ್ಟಿಯಾಗಿ ಬಾರಿಸಿದ್ರೆ ಶ್ರುತಿ ಅಲುಗುತ್ತೆ. ಸ್ಟ್ರಾಟ್‌ನ ಸ್ಕೇಲ್ 25.5 ಇಂಚು, ಲೆಸ್ ಪಾಲ್‌ಗಿಂತ ಉದ್ದ. ಹಾಗಾಗಿ ಅದೇ ಸೆಟ್ ಅಲ್ಲಿ ಬಿಗಿ ಅನಿಸುತ್ತೆ. ದಪ್ಪ ತಂತಿ ಹಾಕಿದೋನಿಗೇ ಅಭಿಷೇಕ ಜಾಸ್ತಿ ಅಂತ ಎಲ್ಲೂ ಬರೆದಿಲ್ಲ, ಆಮೆನ್?

ಗೇಜ್ ಬದಲಾಯಿಸಿದ ಮೇಲೆ ನೆಕ್ ಒಮ್ಮೆ ಸರಿ ಮಾಡಿಸಿ. ಆ ತಮ್ಮ ಈಗ 9ರಲ್ಲಿದ್ದಾನೆ, ಕರೆಯ ವಿಷಯ ಇನ್ನೂ ಬಾಕಿ ಇದೆ. ಎದ್ದು ನಿಲ್ಲಿ, ಅವನಿಗಾಗಿ ಪ್ರಾರ್ಥಿಸೋಣ.