ನಿಮಗೇನು ಬೇಕು?

ಕಳೆದ ಜೂನ್‌ನಲ್ಲಿ ನಮ್ಮ ಮಂಗಳೂರಿನ ಸಭೆಯಿಂದ ಒಂಬತ್ತು ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿನ ಸಭೆಗೂ ನಮ್ಮದಕ್ಕೂ ಬಹಳ ವರ್ಷಗಳ ಸಹಭಾಗಿತ್ವ. ಅವರು ಮೂರು ಸಲ ಬಂದು ಹೋಗಿದ್ದಾರೆ, ನಾವು ಹೋದದ್ದು ಇದೇ ಮೊದಲು. ಹೊರಡುವ ಮುಂಚೆ ನನ್ನ ತಮ್ಮ ಕೇಳಿದ್ದ: "ಅಕ್ಕ, ಒಂಬತ್ತು ಟಿಕೆಟಿನ ದುಡ್ಡಲ್ಲಿ ಹಾಸ್ಟೆಲಿನ ಮಾಡು ರಿಪೇರಿ ಆಗ್ತಿತ್ತಲ್ಲ?" ಅರ್ಧ ಖರ್ಚು ಅವರೇ ಕೊಡುತ್ತಾರೆ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಮಾಡು ಹೆಂಚಿನದು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು, 1843ರಲ್ಲಿ, ಇದೇ ವುರ್ಟೆಂಬರ್ಗಿನ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದರು. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಬಂತು. ಇದೆಲ್ಲ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟ ಋಣದ ಲೆಕ್ಕ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ಲರ ಪ್ರತಿಮೆ ಇದೆ ಎಂದು ನಾನು ಊಟದ ಮೇಜಿನಲ್ಲಿ ಹೇಳಿದರೆ, ಆ ಹಳ್ಳಿಯಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಸಾಲ ಕೊಟ್ಟವರು ಮರೆತುಬಿಟ್ಟಿದ್ದರು, ನಾವು ಮಾತ್ರ ಬಡ್ಡಿ ಎಣಿಸುತ್ತಿದ್ದೆವು.

ಭಾನುವಾರ ಮುನ್ನೂರು ಜನ ಕೂರಬಹುದಾದ ದೇವಾಲಯದಲ್ಲಿ ಹದಿನಾಲ್ಕು ಮಂದಿ, ನಮ್ಮನ್ನು ಬಿಟ್ಟು. ಹೆಚ್ಚಿನವರು ನನ್ನ ಅಮ್ಮನ ಪ್ರಾಯದವರು. ನಾವು ರೇಷ್ಮೆ ಸೀರೆ ಉಟ್ಟು ಕನ್ನಡದ ಕೀರ್ತನೆ ಹಾಡಿದೆವು, ಅವರು ಫೋಟೋ ತೆಗೆದರು. ಆಮೇಲೆ ಕಾಫಿ, ಕೇಕು. ಅಲ್ಲಿನ ಸಭಾಪಾಲಕಿ ಕೇಳಿದರು, ನಿಮಗೇನು ಬೇಕು ಎಂದು. ನಮ್ಮ ಹಿರಿಯರ ಬ್ಯಾಗಿನಿಂದ ಪತ್ರ ಹೊರಬಂತು, ನಾನು ಇಂಗ್ಲಿಷಿನಲ್ಲಿ ಓದಿದೆ: ಮಾಡು, ಪಕಾಸಿ, ಇಷ್ಟು ಸಾವಿರ ಹೆಂಚು. ಎಲ್ಲರೂ ತಲೆಯಾಡಿಸಿದರು. ಅದೇ ಪ್ರಶ್ನೆಯನ್ನು ತಿರುಗಿಸಿ ಅವರಿಗೆ ಕೇಳಬಹುದು ಎಂದು ನಮ್ಮ ಒಂಬತ್ತು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಉಳಿದಿದ್ದು ಒಬ್ಬ ನಿವೃತ್ತ ಟೀಚರಮ್ಮನ ಮನೆಯಲ್ಲಿ. ಕೊನೆಯ ರಾತ್ರಿ ಪಾತ್ರೆ ಒರೆಸುತ್ತಾ ಆಕೆ ಮಗನ ವಿಷಯ ತೆಗೆದರು. ಅಲ್ಲಿ ಸಭೆಯ ಸದಸ್ಯರ ಆದಾಯ ತೆರಿಗೆಯ ಮೇಲೆ ನೂರಕ್ಕೆ 8ರಂತೆ ಸಭೆಯ ತೆರಿಗೆ ಸೇರಿಸಿ ಸರ್ಕಾರವೇ ವಸೂಲು ಮಾಡುತ್ತದೆ. ಬೇಡವೆನ್ನುವವರು ಕಚೇರಿಗೆ ಹೋಗಿ ಹೆಸರು ತೆಗೆಸಬೇಕು. ಮಗ ತೆಗೆಸಿದ್ದ. ತೆರಿಗೆಗಾಗಿ ಎಂದಿದ್ದರೆ ಸಹಿಸುತ್ತಿದ್ದೆ, ಅವನಿಗೆ ನಾನೂ ಬೇಡವಾಗಿದ್ದೇನೆ ಎಂದರು. ನನಗಾಗಿ ಪ್ರಾರ್ಥನೆ ಮಾಡುತ್ತೀಯಾ, ನಿನ್ನ ಭಾಷೆಯಲ್ಲೇ ಮಾಡು, ಎಂದರು.

ನಾನು ಮಾಡಲಿಲ್ಲ. ಬೆಳಿಗ್ಗೆ ನಮ್ಮ ಅಯ್ಯನವರು ಬರುತ್ತಾರೆ, ಅವರೇ ಮಾಡಲಿ ಎಂದೆ. ಬೆಳಿಗ್ಗೆ ಆರಕ್ಕೆ ಬಸ್ಸು, ಎಲ್ಲರಿಗೂ ಅವಸರ.

ಹಣ ಕೇಳಿದ ಬಾಯಲ್ಲೇ ಪ್ರಾರ್ಥನೆ ಮಾಡಿದರೆ ಅದು ರಶೀದಿಯಂತೆ ಕೇಳಿಸೀತು ಎಂಬ ಭಯ ನನಗಿತ್ತು, ಸುಳ್ಳಲ್ಲ. 'ನೀವು ದುಡ್ಡು ಕೊಡಿ, ನಾವು ಭಕ್ತಿ ಕೊಡುತ್ತೇವೆ' ಎಂಬ ವ್ಯಾಪಾರ ನನಗೆ ಹಿಡಿಸುವುದಿಲ್ಲ. ಬಡವರ ಭಕ್ತಿ ಹೆಚ್ಚು ಶುದ್ಧ ಎಂಬ ಮಾತು ಕೇಳಲು ಚಂದ, ಹೇಳುವವರಿಗೆ ಅನುಕೂಲ. ಆದರೆ ಆ ಅಡುಗೆಮನೆಯಲ್ಲಿ ವ್ಯಾಪಾರ ಇರಲಿಲ್ಲ. ಒಬ್ಬ ತಾಯಿ ಇದ್ದರು. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದು ಕಳಿಸಬಾರದೆಂದು ನನ್ನ ಅಮ್ಮ ನಾಲ್ಕು ಬಾಳೆಹಣ್ಣನ್ನಾದರೂ ಇಟ್ಟು ಕಳಿಸುತ್ತಿದ್ದರು. ನಮ್ಮ ಮನೆಯಲ್ಲೇ ಇಲ್ಲದ ದಿನಗಳಲ್ಲೂ. ತೆಗೆದುಕೊಳ್ಳುವುದೇ ಅಭ್ಯಾಸವಾದರೆ ಕೊಡುವುದಕ್ಕೆ ನಮ್ಮಲ್ಲಿ ಏನೂ ಇಲ್ಲವೆಂಬ ನಂಬಿಕೆ ಬರುತ್ತದೆ, ಮತ್ತು ಆ ನಂಬಿಕೆ ಬಹಳ ಸುಖದ್ದು. ನನ್ನ ಸಂಕೋಚದ ಅಡಿಯಲ್ಲಿ ಅದೂ ಇತ್ತು ಅನಿಸುತ್ತದೆ.

ಈ ಮಳೆಗಾಲಕ್ಕೆ ಮುಂಚೆ ಹಣ ಬಂತು. ಮಾಡು ಸೋರುತ್ತಿಲ್ಲ. ಟೀಚರಮ್ಮನಿಗೆ ಎರಡು ಸಲ ಕಾಗದ ಬರೆಯಲು ಕೂತೆ. ಹೆಂಚಿನ ಫೋಟೋ ಮೊದಲು ಇಡಬೇಕೋ, ಮಗನ ವಿಷಯ ಮೊದಲು ಕೇಳಬೇಕೋ ತಿಳಿಯದೆ ಎದ್ದೆ. ಮೂರನೆಯ ಸಲ ಫೋಟೋ ಇಡಲೇ ಇಲ್ಲ.