ಮಸ್ಕಿಯ ಬಂಡೆ ಮತ್ತು ಅಣ್ವಸ್ತ್ರದ ನೆರಳು



ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಬಸ್ಸಿನ ಕಿಟಕಿಯಿಂದ ಅಲ್ಲಿನ ಗುಡ್ಡವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅಲ್ಲಿನ ಬಂಡೆಯೊಂದರ ಮೇಲೆ ಚಕ್ರವರ್ತಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಅರಸುತ್ತಾ ಬಂದಾಗ ಅದು ಬೆಳಕಿಗೆ ಬಂತು. 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರು ಮೊದಲು ದೊರೆತದ್ದು ಅಲ್ಲಿಯೇ.

ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತೆಂದೂ, ಅದಕ್ಕಾಗಿ ತಾನು ನೊಂದಿರುವೆನೆಂದೂ ಅಶೋಕ ತನ್ನ 13ನೆಯ ಬಂಡೆಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆ ಶಾಸನ ಮಸ್ಕಿಯಲ್ಲಿಲ್ಲ. ಆದರೆ ಮಸ್ಕಿಯಲ್ಲಿ ಮಾತನಾಡುವವನು ಅದೇ ದೊರೆ. ಅದು ಸೋತವನ ದುಃಖವಲ್ಲ, ಗೆದ್ದವನ ಪಶ್ಚಾತ್ತಾಪ.

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ನಾಡು ಪ್ರಬಲ ರಾಜ್ಯಗಳ ಏಳುಬೀಳುಗಳನ್ನು ಬಹಳವಾಗಿ ಕಂಡಿದೆ. ಲಿಂಗಸೂಗೂರು ತಾಲ್ಲೂಕಿನ ಮುದಗಲ್ ಕೋಟೆ ಬಹಮನಿಗಳು, ವಿಜಯನಗರದ ಅರಸರು, ಆದಿಲಶಾಹಿಗಳು ಎಂದು ಕೈಯಿಂದ ಕೈಗೆ ದಾಟಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ. ನಲವತ್ತೈದೇ ವರ್ಷಗಳಲ್ಲಿ, 1565ರ ರಕ್ಕಸತಂಗಡಿ ಕಾಳಗದಿಂದ, ಆ ಸಾಮ್ರಾಜ್ಯದ ಬೆನ್ನೆಲುಬು ಮುರಿಯಿತು. ಆದರೂ ದಂಡು ಹೋದ ಮೇಲೆ ರೈತ ಮತ್ತೆ ಕೂರಿಗೆ ಹೂಡಿದ, ಜೋಳ ಬಿತ್ತಿದ. ಅರಸೊತ್ತಿಗೆ ಅಳಿದರೂ ಮಣ್ಣು ಉಳಿದಿತ್ತು.

ಇಂದಿನ ಪರಿಸ್ಥಿತಿ ಹಾಗಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. ಅದರ ಅಣ್ವಸ್ತ್ರಗಳು ಉಳಿದವು. ಅಮೆರಿಕಕ್ಕೂ ಜಗತ್ತಿನ ಮೇಲೆ ಹಿಂದಿನ ಹಿಡಿತವಿಲ್ಲ. ಲೋಕದ ಅಣ್ವಸ್ತ್ರಗಳಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ರಷ್ಯಾ ಮತ್ತು ಅಮೆರಿಕಗಳಲ್ಲಿಯೇ ಇವೆ. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಂಡೆತ್ತಿದಂದಿನಿಂದ ಅಣ್ವಸ್ತ್ರದ ಬೆದರಿಕೆ ಬಹಿರಂಗ ಮಾತಾಗಿದೆ. ಈ ಎರಡು ದೇಶಗಳ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ಒಪ್ಪಂದದ ಅವಧಿ 2026ರ ಫೆಬ್ರವರಿ 5ರಂದು ಮುಗಿಯಿತು. ಬೆಳೆಯುವ ಬಲಕ್ಕೆ ತಾಳ್ಮೆಯಿರಬಹುದು. ಇಳಿಯುತ್ತಿರುವ ಬಲಕ್ಕೆ ಭಯವೂ ಅಭಿಮಾನಭಂಗವೂ ಹೆಚ್ಚು. ಅಪಾಯವಿರುವುದು ಅಲ್ಲಿ.

"ಆ ಅಸ್ತ್ರಗಳ ಅಂಜಿಕೆಯಿಂದಲೇ ಅಲ್ಲವೇ ಇಷ್ಟು ಕಾಲ ಮಹಾಯುದ್ಧ ತಪ್ಪಿದ್ದು?" ಎಂದು ನೀವು ಕೇಳಬಹುದು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ 1983ರ ಸೆಪ್ಟೆಂಬರ್ 26ರ ರಾತ್ರಿಯನ್ನು ನೆನೆಯಿರಿ. ಅಮೆರಿಕದ ಕ್ಷಿಪಣಿಗಳು ಬರುತ್ತಿವೆಯೆಂದು ಸೋವಿಯತ್ ಯಂತ್ರಗಳು ಎಚ್ಚರಿಸಿದವು. ಕಾವಲಿನಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಎಂಬ ಅಧಿಕಾರಿ ಅದನ್ನು ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದ. ಅವನ ಎಣಿಕೆ ನಿಜವಾಗಿತ್ತು. ಅಂದು ಲೋಕವನ್ನು ಕಾಯ್ದದ್ದು ಅಸ್ತ್ರವಲ್ಲ, ಒಬ್ಬ ಮನುಷ್ಯನ ವಿವೇಕ. ಅಂಥ ವಿವೇಕ ಪ್ರತಿ ಬಾರಿಯೂ ಸಿಕ್ಕೀತೆಂಬ ಭರವಸೆಯನ್ನು ಯಾರು ಕೊಟ್ಟಾರು?

ನೈತಿಕ ಪ್ರಶ್ನೆಯ ತಿರುಳು ಇಲ್ಲಿದೆ. ಅಶೋಕನಿಗೆ ಯುದ್ಧದ ನಂತರ ಪಶ್ಚಾತ್ತಾಪಪಡಲು ಕಾಲವಿತ್ತು, ಕೇಳಲು ಜನರಿದ್ದರು, ಕೆತ್ತಲು ಶಿಲ್ಪಿಗಳಿದ್ದರು. ಅಣುಯುದ್ಧದ ತರುವಾಯ ಬಂಡೆ ಉಳಿದೀತು. ಬರೆಯುವವರೂ ಓದುವವರೂ ಉಳಿದಾರೆಯೇ? ಆದುದರಿಂದ ಇಲ್ಲಿ ಪಶ್ಚಾತ್ತಾಪವು ಕೃತ್ಯಕ್ಕಿಂತ ಮೊದಲೇ ಬರಬೇಕು. ಅಣ್ವಸ್ತ್ರದ ಬಳಕೆ ಮಾತ್ರವಲ್ಲ, ಅದನ್ನು ಇರಿಸಿಕೊಳ್ಳುವುದೂ ಅನೈತಿಕವೆಂದು ಜಗದ್ಗುರು ಫ್ರಾನ್ಸಿಸ್‌ರವರು 2019ರ ನವೆಂಬರಿನಲ್ಲಿ ಹಿರೋಶಿಮಾದಲ್ಲಿ ಸಾರಿದ್ದು ಇದಕ್ಕಾಗಿಯೇ. ಲಕ್ಷಾಂತರ ನಿರಪರಾಧಿಗಳನ್ನು ಸುಡಲು ಸಿದ್ಧನಿದ್ದೇನೆಂಬ ಸಂಕಲ್ಪವೇ ಹೃದಯವನ್ನು ಕೆಡಿಸುತ್ತದೆ. ಕೊಲೆಗೆ ಮುನ್ನ ಹೃದಯದಲ್ಲಿರುವ ಕ್ರೋಧವನ್ನೇ ಪ್ರಭು ಯೇಸು ಪ್ರಶ್ನಿಸಲಿಲ್ಲವೇ?

"ಮಾಸ್ಕೋ, ವಾಷಿಂಗ್ಟನ್‌ಗಳ ವಿಷಯದಲ್ಲಿ ನಾವೇನು ಮಾಡಬಲ್ಲೆವು?" ಎನ್ನಬೇಡಿ. ಅಣ್ವಸ್ತ್ರ ನಮ್ಮ ಹೊಸ್ತಿಲಿನಲ್ಲೂ ಇದೆ. 1998ರಲ್ಲಿ ಭಾರತ ಪಾಕಿಸ್ತಾನಗಳೆರಡೂ ಪರೀಕ್ಷೆ ನಡೆಸಿದವು. 2025ರ ಮೇ ತಿಂಗಳಲ್ಲಿ ಅವು ಪರಸ್ಪರ ಕಾದಾಡಿದವು. ಅಂಥ ದಿನಗಳಲ್ಲಿ ಟಿ.ವಿ. ಮುಂದೆ ಕುಳಿತು "ಅವರನ್ನು ಹೆಸರಿಲ್ಲದಂತೆ ಮಾಡಬೇಕು" ಎಂದು ನಮ್ಮ ಮನೆಗಳಲ್ಲಿಯೂ ಆಡಿದ್ದೇವಲ್ಲವೇ? ಮಕ್ಕಳು ಅದನ್ನು ಕೇಳಿಸಿಕೊಂಡಿದ್ದಾರೆ.

ಧರ್ಮದಲ್ಲಿ ನಿರತನಾದ ಸಾಮಾನ್ಯನೂ ಉನ್ನತ ಗುರಿಯನ್ನು ಮುಟ್ಟಬಲ್ಲ, ಅದು ದೊಡ್ಡವರಿಗಷ್ಟೇ ಸಾಧ್ಯವೆಂದು ಎಣಿಸಬಾರದು ಎಂಬುದೇ ಮಸ್ಕಿಯ ಶಾಸನದ ಸಾರ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ಯಿರಿ. ಗೆದ್ದ ದೊರೆಯೊಬ್ಬ ತನ್ನ ಗೆಲುವಿಗಾಗಿ ನೊಂದನೆಂದು ಅವರಿಗೆ ಹೇಳಿರಿ.