ಯಾರ ಕಣ್ಣಿನ ಹಸಿರು?

ಹಸಿರು ಎಂದರೇನೆಂದು ಒಂದು ಮಗುವಿಗೆ ನಾವು ಹೇಗೆ ಕಲಿಸುತ್ತೇವೆ? ಎಲೆಯನ್ನು ತೋರಿಸಿ ಇದು ಹಸಿರು ಎನ್ನುತ್ತೇವೆ. ಮಗು ಎಲೆಯನ್ನು ನೋಡುತ್ತದೆ, ಪದವನ್ನು ಕೇಳುತ್ತದೆ, ಎರಡನ್ನೂ ಜೋಡಿಸಿಕೊಳ್ಳುತ್ತದೆ. ಉರ್ದು ಶಾಲೆಯಲ್ಲಿ ಅದೇ ಎಲೆ ‘ಸಬ್ಜ್’, ಕನ್ನಡ ಶಾಲೆಯಲ್ಲಿ ‘ಹಸಿರು’. ಪದ ಬದಲಾದರೂ ಎಲೆ ಬದಲಾಗುವುದಿಲ್ಲವೆಂದು ಎರಡೂ ಶಾಲೆಗಳ ಮೆಟ್ಟಿಲು ಹತ್ತಿದ ನಾವು ನಂಬಿದ್ದೇವೆ. ಆದರೆ ಎಲೆಯಿಂದ ಹೊರಟ ಬೆಳಕು ಆ ಮಗುವಿನ ಕಣ್ಣಲ್ಲಿ ಹೇಗೆ ಕಂಡಿತೆಂದು ನಾವು ವಿಚಾರಿಸುವುದಿಲ್ಲ. ವಿಚಾರಿಸಿದರೂ ಮಗು ಹೇಳಲಾರದು. ನಾವು ಕಲಿಸಿದ ಪದವನ್ನೇ ಅದು ನಮಗೆ ಹಿಂತಿರುಗಿಸುತ್ತದೆ.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಹೆಸರನ್ನು ಪ್ರೌಢಶಾಲೆಯ ಮಕ್ಕಳು ಬಲ್ಲರು. ತನ್ನ ದೃಷ್ಟಿ ಇತರರಂತಿಲ್ಲವೆಂದು ಆತನಿಗೆ ಖಚಿತವಾದದ್ದು 1792ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ. ಹಗಲಿನಲ್ಲಿ ನೀಲಿಯಾಗಿ ಕಂಡ ಜೆರೇನಿಯಂ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತು. ಸುತ್ತಲಿನವರನ್ನು ಕೇಳಿದರೆ, ಒಡಹುಟ್ಟಿದ ಅಣ್ಣನೊಬ್ಬನ ಹೊರತು ಬೇರೆ ಯಾರಿಗೂ ಅಂಥ ಬದಲಾವಣೆ ಕಾಣಲಿಲ್ಲ. ಎರಡು ವರ್ಷಗಳ ನಂತರ ಆತ ಈ ಬಗ್ಗೆ ಮ್ಯಾಂಚೆಸ್ಟರಿನ ವಿದ್ವತ್ ಸಭೆಯ ಮುಂದೆ ಪ್ರಬಂಧ ಓದಿದ. ತನ್ನ ಕಣ್ಣೊಳಗಿನ ದ್ರವವೇ ನೀಲಿಯಾಗಿರಬೇಕೆಂದು ಆತನ ಊಹೆ. 1844ರಲ್ಲಿ ಆತ ತೀರಿಕೊಂಡ ಮೇಲೆ, ಅವನದೇ ಇಚ್ಛೆಯಂತೆ ಕಣ್ಣು ತೆರೆದು ನೋಡಿದರು, ದ್ರವ ತಿಳಿಯಾಗಿತ್ತು. ಕಾಪಿಟ್ಟಿದ್ದ ಆ ಕಣ್ಣಿನ ಡಿಎನ್ಎ ಪರೀಕ್ಷೆಯ ಫಲಿತಾಂಶ ಹೊರಬಂದದ್ದು 1995ರಲ್ಲಿ. ಹಸಿರು ಬೆಳಕನ್ನು ಚೆನ್ನಾಗಿ ಗ್ರಹಿಸುವ ವರ್ಣದ್ರವ್ಯವೇ ಅವನಲ್ಲಿರಲಿಲ್ಲ. ಸೂಕ್ಷ್ಮವಾಗಿ ನೋಡುವುದೇ ಕಸುಬಾಗಿದ್ದ ವಿಜ್ಞಾನಿಗೆ ತನ್ನ ಕಣ್ಣಿನ ಗುಟ್ಟು ತಿಳಿಯಲು ಇಪ್ಪತ್ತಾರು ವರ್ಷ ಬೇಕಾದರೆ, ಏಳು ವರ್ಷದ ಹುಡುಗನಿಗೆ ಅದು ತಿಳಿಯುವುದೆಂತು?

ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕು ಕೋಶಗಳು ಮೂರು ಬಗೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಅದರ ಗುಣ ಬದಲಾಗಿದ್ದರೆ ಕೆಂಪು, ಹಸಿರು, ಕಂದುಗಳ ನಡುವಿನ ಗಡಿ ಅಳಿಸಿಹೋಗುತ್ತದೆ. ಇದರ ಸಾಮಾನ್ಯ ರೂಪಗಳು ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿ ಹೀಗಿದ್ದಾರೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಆದರೂ ನೂರಾರು ಹುಡುಗರಿರುವ ಶಾಲೆಯಲ್ಲಿ ಇಂಥವರು ಒಬ್ಬರೂ ಇಲ್ಲವೆನ್ನುವುದು ಕಷ್ಟ. ಮಗನಿಗೆ ಇದು ತಾಯಿಯ ಕಡೆಯಿಂದ ಬರುತ್ತದೆ ಎಂಬುದು ಶರೀರಶಾಸ್ತ್ರದ ಮಾತು. ಮನೆಯಲ್ಲಿ ಅದು ತಾಯಿಯತ್ತ ಎಸೆಯುವ ಕಲ್ಲಾಗಬಾರದು.

ಈಗ ಈ ಹುಡುಗ ಶಾಲೆಯಲ್ಲಿ ಕುಳಿತಿದ್ದಾನೆ. ಭೂಪಟದಲ್ಲಿ ಬಯಲಿಗೆ ಹಸಿರು, ಎತ್ತರದ ನೆಲಕ್ಕೆ ಕಂದು. ಅವನಿಗೆ ಎರಡೂ ಒಂದೇ ನೆಲ. ಕರಿಹಲಗೆಯ ಮೇಲೆ ಮುಖ್ಯವಾದುದೆಂದು ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದೇ ಅವನಿಗೆ ಮಸುಕು. ರಸಾಯನಶಾಸ್ತ್ರದ ಪ್ರಯೋಗದಲ್ಲಿ ಸೂಚಕದ ಬಣ್ಣ ಬದಲಾದ ಗಳಿಗೆ ತಪ್ಪಿಹೋಗುತ್ತದೆ. ಅವನು ಬರೆದ ಚಿತ್ರದಲ್ಲಿ ಮರದ ಕಾಂಡ ಹಸಿರಾಗಿ, ಎಲೆ ಕಂದಾಗಿ ತರಗತಿ ನಗುತ್ತದೆ. ಗುರುಗಳಿಗೆ ಅದು ಅಜಾಗರೂಕತೆ, ಕೆಲವೊಮ್ಮೆ ತುಂಟತನ. ಹುಡುಗ ಒಂದು ಉಪಾಯ ಕಂಡುಕೊಳ್ಳುತ್ತಾನೆ: ಪಕ್ಕದವನು ಯಾವ ಕ್ರೆಯಾನ್ ಎತ್ತಿಕೊಂಡನೋ ಅದನ್ನೇ ಎತ್ತಿಕೊಳ್ಳುವುದು.

ಇದು ಅಷ್ಟು ದೊಡ್ಡ ಸಂಗತಿಯೇ ಎಂದು ಓದುಗರು ಕೇಳಬಹುದು. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದವರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು, ಇಂಥವರು ಓದಿನಲ್ಲಿ ಹಿಂದೆ ಬಿದ್ದಿಲ್ಲವೆಂದು 2004ರಲ್ಲಿ ವರದಿ ಮಾಡಿತು. ಒಪ್ಪೋಣ. ಆದರೆ ಅಂಕಪಟ್ಟಿಯಲ್ಲಿ ಕಾಣದ ವೆಚ್ಚವೂ ಒಂದಿದೆ. ತನ್ನ ಕಣ್ಣನ್ನು ನಂಬದೆ ಪಕ್ಕದವನ ಕೈಯನ್ನು ನಂಬಲು ಕಲಿತ ಮಗು ಉತ್ತೀರ್ಣವಾಗುತ್ತದೆ, ನಿಜ. ಅದರ ಜೊತೆಗೆ ಅದು ಇನ್ನೇನನ್ನು ಕಲಿತಿತು? ಯಾರೂ ಕೆಡುಕು ಬಯಸದಿದ್ದರೂ ಅನ್ಯಾಯ ನಡೆಯಬಹುದು ಎನ್ನುವುದಕ್ಕೆ ಇದೊಂದು ನಿದರ್ಶನ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪ್ರಶ್ನೆ ಕೊಟ್ಟೆವೆಂದು ನಾವು ಸಮಾಧಾನಪಡುತ್ತೇವೆ. ಆ ಪುಸ್ತಕವನ್ನು ಅಚ್ಚು ಹಾಕುವಾಗ ಹೆಚ್ಚಿನವರ ಕಣ್ಣನ್ನೇ ಎಲ್ಲರ ಕಣ್ಣು ಎಂದುಕೊಂಡದ್ದು ಮರೆತುಹೋಗುತ್ತದೆ.

ಹಾಗಾದರೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಿಬಿಡೋಣವೇ? ಇಲ್ಲಿ ಜಪಾನಿನ ಅನುಭವ ಯೋಚಿಸುವಂತಿದೆ. ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪ್ರಸಿದ್ಧ ಪರೀಕ್ಷೆಯನ್ನು 1917ರಲ್ಲಿ ಪ್ರಕಟಿಸಿದ ಶಿನೊಬು ಇಶಿಹಾರ ಅಲ್ಲಿನವರೇ. ಅಲ್ಲಿನ ಶಾಲೆಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಗಿತ್ತು. ಅದರ ಫಲಿತಾಂಶ ಮಕ್ಕಳ ಹಣೆಯ ಮೇಲಿನ ಮುದ್ರೆಯಾಗಿ ಉನ್ನತ ಶಿಕ್ಷಣ, ಉದ್ಯೋಗಗಳ ಬಾಗಿಲು ಮುಚ್ಚತೊಡಗಿತು. 2003ರಲ್ಲಿ ಕಡ್ಡಾಯವನ್ನು ಕೈಬಿಟ್ಟರು. ಆಗ ಇನ್ನೊಂದು ತೊಡಕು: ತಮ್ಮ ಕಣ್ಣಿನ ವಿಷಯ ತಿಳಿಯದೆ ಬೆಳೆದ ಮಕ್ಕಳು ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ಎಡವಿದರು. ಬಯಸಿದವರಿಗೆ ಪರೀಕ್ಷೆ ಸಿಗುವಂತೆ ನೋಡಿಕೊಳ್ಳಲು 2014ರಲ್ಲಿ ಸರ್ಕಾರವೇ ಶಾಲೆಗಳಿಗೆ ಸೂಚಿಸಬೇಕಾಯಿತು.

ತಿಳಿದರೂ ಹಾನಿ, ತಿಳಿಯದಿದ್ದರೂ ಹಾನಿ ಎಂಬಂತೆ ಕಾಣುವ ಈ ಇಕ್ಕಟ್ಟು ನಿಜವಾಗಿ ತಿಳುವಳಿಕೆಯದ್ದಲ್ಲ. ತಿಳಿದವರು ಏನು ಮಾಡಿದರು ಎಂಬುದರದ್ದು. ರೈಲು ಚಾಲಕನ ಕೆಲಸಕ್ಕೆ ಕಣ್ಣಿನ ಪರೀಕ್ಷೆ ಬೇಕೆಂದರೆ ಅದಕ್ಕೆ ಕಾರಣವಿದೆ, ಅಲ್ಲಿ ಇತರರ ಪ್ರಾಣವಿದೆ. ಶಾಲೆಯ ಕೆಲಸ ಜರಡಿ ಹಿಡಿಯುವುದಲ್ಲ, ಕಲಿಸುವುದು. ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಸಂಕಲನ ತರಗತಿಗೆ ಆಯ್ಕೆಯಾಗಿದ್ದ ಯುವಕನೊಬ್ಬನಿಗೆ ವರ್ಣಾಂಧತೆಯ ಕಾರಣಕ್ಕೆ ಪ್ರವೇಶ ನಿರಾಕರಿಸಲಾಗಿತ್ತು. ಅಂಥವರನ್ನು ಹೊರಗಿಡಬಾರದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನ್ಯಾಯಾಲಯದ ತನಕ ಹೋಗಲು ಎಷ್ಟು ಮಕ್ಕಳಿಗೆ ಸಾಧ್ಯ?

ತರಗತಿಯಲ್ಲಿ ಬೇಕಾದದ್ದು ಅಲ್ಪ. ಕ್ರೆಯಾನಿನ ಮೇಲೆ ಬಣ್ಣದ ಹೆಸರು, ಭೂಪಟದಲ್ಲಿ ಬಣ್ಣದ ಜೊತೆಗೆ ಗೆರೆ ಅಥವಾ ಚುಕ್ಕೆ, ಹಲಗೆಯ ಮೇಲೆ ಬಿಳಿ ಸೀಮೆಸುಣ್ಣ, ಮುಖ್ಯವಾದುದಕ್ಕೆ ಅಡಿಗೆರೆ. ರಸ್ತೆಯ ಸಿಗ್ನಲ್ ದೀಪದಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಇರುವುದರಿಂದಲೇ ಎಷ್ಟೋ ಮಂದಿ ಅದನ್ನು ಓದಬಲ್ಲರು. ರಸ್ತೆ ಕೊಟ್ಟ ಆ ಎರಡನೆಯ ಗುರುತನ್ನು ಪಾಠಪುಸ್ತಕವೂ ಕೊಡಬಹುದು.

ಇದನ್ನು ನಾವು ‘ವರ್ಣಾಂಧತೆ’ ಎನ್ನುತ್ತೇವೆ, ಆಡುಮಾತಿನಲ್ಲಿ ‘ಬಣ್ಣಗುರುಡು’. ಆ ಮಗು ಕುರುಡಲ್ಲ. ಸೂರ್ಯಾಸ್ತವನ್ನೂ ಹೊಲವನ್ನೂ ಅದು ತನ್ನ ರೀತಿಯಲ್ಲಿ ಕಾಣುತ್ತಿದೆ. ತಾನು ಬೇರೆ ರೀತಿ ಕಾಣುತ್ತಿದ್ದೇನೆಂದು ಅದಕ್ಕೆ ತಿಳಿಯುವ ದಾರಿಯಿಲ್ಲ. ನಮಗಿದೆ. ಆದ್ದರಿಂದ ಮುಂದೊಂದು ದಿನ ಕಂದು ಎಲೆಯ ಮರವೊಂದು ನಮ್ಮ ಮುಂದೆ ಬಂದಾಗ, ತಿದ್ದುವ ಮೊದಲು ಕೇಳೋಣ: ‘ಇದು ನಿನಗೆ ಹೇಗೆ ಕಾಣುತ್ತದೆ?’